ಹಂಡೆಯ ಸುತ್ತ ಮೂವತ್ತೊಂದು ಕಿಲೋಮೀಟರು

ಅಪಿಯ ಹಂಡೆಯನ್ನು ಒಲೆಯ ಮೇಲಿಟ್ಟ ಮೇಲೆ ಕೈ ನಿಲ್ಲಿಸುವಂತಿಲ್ಲ. ಕುಡಿಯುವ ಆ ಬಿಸಿ ಗಂಜಿಗೆ ಹಾಕುವ ನೇರಳೆ ಜೋಳದ ಹಿಟ್ಟು ಅಷ್ಟು ಮೊಂಡು. ಚಿಲ್ಲರೆ ಹುಡುಕಲು ಒಂದು ಗಳಿಗೆ ಅತ್ತ ತಿರುಗಿದರೂ ಸಾಕು, ತಳ ಹಿಡಿದು ಕೂರುತ್ತದೆ. ತಳ ಹಿಡಿದ ಅಪಿಯನ್ನು ಎಲ್ ಆಲ್ತೊ ಎಂಬ ಈ ಎತ್ತರದ ಊರಿನಲ್ಲಿ ನಾಯಿಯೂ ಮೂಸುವುದಿಲ್ಲ. ಹಾಗಾಗಿ ದೊನ್ಯಾ ಪ್ರಿಮಿತಿವಾ ಕಲ್ಲಿಸಾಯಾ ಇಪ್ಪತ್ತೆರಡು ವರ್ಷಗಳಿಂದ ಬಲಗೈಯಲ್ಲಿ ತಿರುವುತ್ತಾಳೆ. ಮಿಕ್ಕಿದ್ದೆಲ್ಲ ಎಡಗೈಯದು. ಲೋಟಕ್ಕೆ ಬಗ್ಗಿಸುವುದು, ಚಿಲ್ಲರೆ ಕೊಡುವುದು, ಮೂಗು ಒರೆಸಿಕೊಳ್ಳುವುದು, ಜಗಳವಾಡುವಾಗ ಬೆರಳು ತೋರಿಸುವುದು, ಎಲ್ಲ. ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಎತ್ತರವಾಗಿದೆ. ತಲೆಯ ಮೇಲಿನ ದುಂಡು ಟೋಪಿ ಅದಕ್ಕೆ ತಕ್ಕಂತೆ ಎಡಕ್ಕೆ ವಾಲಿಕೊಂಡೇ ಕೂರುತ್ತದೆ.

ಬೆಳಗಿನ ಐದಕ್ಕೆ, ಒದ್ದೆ ಬಟ್ಟೆ ಹಪ್ಪಳದ ಹಾಗೆ ಸೆಟೆದು ನಿಲ್ಲುವ ಚಳಿಯಲ್ಲಿ, ಅವಳ ಒಲೆ ಉರಿಯುತ್ತಿರಬೇಕು. ಮಿನಿಬಸ್ಸುಗಳು ಜನರನ್ನು ತಂದು ಸುರಿಯುವುದು ಅವಳ ಎದುರಿಗೇ. ಕೆಳಗಿನ ಊರಿಗೆ ಇಳಿಯುವ ಕೇಬಲ್ ಕಾರಿನ ಮೆಟ್ಟಿಲು ಅವಳ ಬೆನ್ನಿಗೇ. ನಡುವೆ ಒಂದೂವರೆ ಮೀಟರ್ ಜಾಗ. ಸುತ್ತ ನೀಲಿ ಬಣ್ಣದ ಗೆರೆ. ಆ ಗೆರೆ ಎಳೆದವಳು ಅವಳ ಅವ್ವ. ಪ್ರತಿ ಕಾರ್ನಿವಲ್ಲಿಗೆ ಅದರ ಮೇಲೆ ಹೊಸ ಬಣ್ಣ ಬೀಳುತ್ತದೆ. ಸಂಘದ ಪುಸ್ತಕದಲ್ಲಿ ಏಳನೇ ನಂಬರು ಎಂದು ಬರೆದಿದೆ. ಅಷ್ಟೇ. ಸರ್ಕಾರದ ಸೀಲು ಬಿದ್ದ ಪೇಪರು ಇಲ್ಲ. ಅವಳಿಗೆ ಮಾತ್ರವಲ್ಲ, ಸಾಲಿನ ನಲವತ್ತು ಹೆಂಗಸರಲ್ಲಿ ಯಾರಿಗೂ ಇಲ್ಲ. ಹೊಸ ಸಾಹೇಬ ಬಂದಾಗಲೆಲ್ಲ ನಲವತ್ತು ಎದೆಗಳೂ ಒಟ್ಟಿಗೇ ಡವಗುಟ್ಟುತ್ತವೆ. ಅವಳ ಅವ್ವ ಪ್ರಾಣ ಬಿಡುವಾಗ ಪಾದ್ರಿಯನ್ನು ಕೇಳಲಿಲ್ಲ, ಪೇಪರು ಬಂತಾ ಎಂದು ಕೇಳಿದಳು.

ಮಾರ್ಚ್ ತಿಂಗಳಲ್ಲಿ ಹಸಿರು ಜಾಕೆಟ್ಟಿನವರು ಬಂದರು. ಒಂದು ಕಂಪನಿಯವರು. ಮುಂದೆ ಇಂಜಿನಿಯರ್ ಮೌರಿಸಿಯೊ. ಕೆಳಗಿನ ಊರಿನವನು, ಈ ಎತ್ತರದಲ್ಲಿ ಎರಡು ಮಾತಿಗೊಮ್ಮೆ ನಿಂತು ಉಸಿರು ಹಿಡಿಯುವವನು. ಪಕ್ಕದಲ್ಲಿ ಸಾಲಿನ ಸಂಘದ ಅಧ್ಯಕ್ಷ ದೊನ್ ಫೊರ್ತುನಾತೊ, ಇಂಜಿನಿಯರನಿಗಿಂತ ಮೊದಲೇ ನಗುತ್ತ, ಅವನ ಮಾತು ಮುಗಿಯುವ ಮೊದಲೇ ತಲೆಯಾಡಿಸುತ್ತ.

ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಫೋನು, ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಚೀಲ ಹಂಚಿದರು. ಏನೂ ಮಾಡಬೇಕಾಗಿಲ್ಲ, ಇಟ್ಟುಕೊಂಡಿದ್ದರೆ ಸಾಕು ಅಂದರು. ದಾರಿಯಲ್ಲಿ ಹೋಗುವವರ ಜೇಬಿನೊಳಗಿನ ಫೋನುಗಳನ್ನೆಲ್ಲ ಇದು ತಾನೇ ಎಣಿಸುತ್ತದಂತೆ. ಯಾರು ಯಾವ ಕಡೆಯಿಂದ ಬಂದರು, ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ಎಲ್ಲಿ ತಿರುಗಿದರು. ಅಂಥ ಸಾವಿರಾರು ಹೆಜ್ಜೆ ಕೂಡಿಸಿದರೆ, ನಾಳೆ ಯಾರು ಏನು ಕೊಳ್ಳುತ್ತಾರೆ ಎಂಬುದು ಕೊಳ್ಳುವವನಿಗೆ ಹೊಳೆಯುವ ಮೊದಲೇ ಕಂಪನಿಯ ಕಂಪ್ಯೂಟರಿಗೆ ಹೊಳೆಯುತ್ತದಂತೆ.

"ನನ್ ಗಂಡ ನಾಳೆ ಏನ್ ಕೊಳ್ತಾನೆ ಅನ್ನೋದು ನನಗೆ ಇವತ್ತೇ ಗೊತ್ತು. ಬಿಯರ್ರು. ಅದಕ್ಕೆ ಕಂಪ್ಯೂಟರ್ ಯಾಕ್ರೀ ಇಂಜಿನಿಯರ್ರೇ?" ಎಂದಳು ದೊನ್ಯಾ ಎವ್ಸೇಬಿಯಾ. ಅವಳು ಪ್ರಿಮಿತಿವಾಳ ಪಕ್ಕದ ಜಾಗದವಳು, ಅಪಿಯ ಜೊತೆ ತಿನ್ನುವ ಪಾಸ್ತೆಲ್ ಕರಿಯುವವಳು. ಪ್ರಿಮಿತಿವಾಳ ಮಗಳ ನಾಮಕರಣಕ್ಕೆ ಧರ್ಮತಾಯಿಯಾಗಿ ನಿಂತವಳು, ಹಾಗಾಗಿ ಇಬ್ಬರಿಗೂ ಒಬ್ಬರಿಗೊಬ್ಬರು ಕೊಮಾದ್ರೆ.

ಸಾಲು ನಕ್ಕಿತು. ಇಂಜಿನಿಯರನೂ ನಕ್ಕು, ಉಸಿರು ಹಿಡಿದು, ತನ್ನ ಹೆಮ್ಮೆಯ ಸಂಗತಿಗೆ ಬಂದ. ಬೇರೆ ಕಡೆ ಇಂಥ ಲೆಕ್ಕಕ್ಕೆ ಕರೆಂಟು ನೀರಿನ ಹಾಗೆ ಹರಿದು ಹೋಗುತ್ತದೆ. ತನ್ನ ಫೋನು ಹಾಗಲ್ಲ. ಅಲುಗಾಡಿದಾಗ ಮಾತ್ರ ಕಣ್ಣು ಬಿಡುತ್ತದೆ, ಸುಮ್ಮನಿದ್ದರೆ ನಿದ್ದೆ ಹೋಗುತ್ತದೆ. ಒಮ್ಮೆ ಚಾರ್ಜು ಮಾಡಿದರೆ ಒಂಬತ್ತು ದಿನ. ಹೀಗೆ ಶಕ್ತಿ ಉಳಿದರೆ ಭೂಮಿ ತಣ್ಣಗಿರುತ್ತದೆ. ಅವನು ಕೈ ಎತ್ತಿ ದೂರದ ಇಲ್ಯಿಮಾನಿಯನ್ನು ತೋರಿಸಿದ. ವರ್ಷ ವರ್ಷಕ್ಕೂ ಆ ಬೆಟ್ಟದ ಬಿಳಿ ಸೆರಗು ಮೇಲೆ ಸರಿಯುತ್ತಿರುವುದು ಸಾಲಿನ ಹೆಂಗಸರೆಲ್ಲ ಕಣ್ಣಾರೆ ಕಂಡದ್ದೇ. ಆ ಹಿಮ ಉಳಿಯುವುದೂ ನಿಮ್ಮ ಸೊಂಟದಲ್ಲಿದೆ ದೊನ್ಯಾಗಳೇ, ಅಂದ.

ಕೊನೆಗೆ ಅಸಲು ಮಾತು. ಮೂರು ತಿಂಗಳು ಯಾರ ಫೋನು ಸರಿಯಾಗಿ ಎಚ್ಚರವಿರುತ್ತದೋ ಅವರಿಗೆಲ್ಲ ಜಾಗದ ಪೇಪರು. ಸೀಲು, ಸಹಿ, ಫೋಟೋ ಸಮೇತ. ಸರ್ಕಾರಿ ಕಚೇರಿಯವರು ಒಪ್ಪಿಯಾಗಿದೆ.

ಎವ್ಸೇಬಿಯಾ ಎಣ್ಣೆಗೈಯಲ್ಲೇ ಇಂಜಿನಿಯರನ ಎರಡೂ ಭುಜ ಹಿಡಿದು ಕೆನ್ನೆಗೆ ಮುತ್ತಿಟ್ಟಳು. ಹಸಿರು ಜಾಕೆಟ್ಟಿನ ಮೇಲೆ ಹತ್ತು ಬೆರಳಿನ ಗುರುತು ಉಳಿಯಿತು. ಪ್ರಿಮಿತಿವಾ ಹಂಡೆ ತಿರುವುತ್ತ ತಿರುವುತ್ತ ನೀಲಿ ಗೆರೆಯನ್ನು ನೋಡಿದಳು. ಅವ್ವಾ, ಬಂತು ಕಣವ್ವಾ ಎಂದು ಒಳಗೇ ಅಂದುಕೊಂಡಳು.

ಒಂದು ತಿಂಗಳಾದ ಮೇಲೆ ಕೇಬಲ್ ಕಾರಿನ ಗೋಡೆಗೆ ಪಟ್ಟಿ ಅಂಟಿಸಿದರು. ನಲವತ್ತು ಹೆಸರು. ಮೂವತ್ತೊಂಬತ್ತಕ್ಕೆ ಕೆಂಪು ಗುರುತು. ಎವ್ಸೇಬಿಯಾಳ ಹೆಸರಿನ ಮುಂದೆ ಬರೆದಿತ್ತು: ನಿದ್ರೆ, ನೂರಕ್ಕೆ ತೊಂಬತ್ಮೂರು.

ಅವಳು ಪಟ್ಟಿಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಮೂರೂವರೆಗೆ ಎದ್ದು ಹಿಟ್ಟು ನಾದುವವಳು, ಸಂಜೆ ಏಳರವರೆಗೂ ಎಣ್ಣೆಯ ಮುಂದೆ ಕೂತು ಬೇಯುವವಳು, ಅವಳಿಗೆ ನಿದ್ದೆಯಂತೆ. ಕಿತ್ತಳೆ ರಸ ಹಿಂಡುವವಳಿಗೆ ನಿದ್ದೆ. ಉಣ್ಣೆಯ ಟೋಪಿ ಹೆಣೆದು ಮಾರುವವಳಿಗೆ ನಿದ್ದೆ. ಬೆನ್ನಿಗೆ ಅಗ್ವಾಯೊ ಬಟ್ಟೆಯಲ್ಲಿ ಮಗು ಕಟ್ಟಿಕೊಂಡು ಆಲೂಗಡ್ಡೆ ತೂಗುವವಳಿಗೂ ನಿದ್ದೆ. ಕೂತವರೆಲ್ಲ ಫೋನಿನ ಲೆಕ್ಕದಲ್ಲಿ ಮಲಗಿದವರೇ.

ಹಸಿರು ಗುರುತು ಬಿದ್ದಿದ್ದು ಒಂದೇ ಹೆಸರಿಗೆ, ಎಲ್ಲಕ್ಕಿಂತ ಮೇಲೆ. ಪ್ರಿಮಿತಿವಾ ಕಲ್ಲಿಸಾಯಾ. ದಿನಕ್ಕೆ ನಡೆದದ್ದು ಮೂವತ್ತೊಂದು ಕಿಲೋಮೀಟರು.

ಇಂಜಿನಿಯರ್ ಅಭಿನಂದಿಸಲು ತಾನೇ ಬಂದ. ಅಷ್ಟು ದೂರ ಎಲ್ಲಿಗೆ ನಡೀತೀರಿ ಎಂದು ಕೇಳಿದ. ಪ್ರಿಮಿತಿವಾ ತನ್ನ ತೋಳು ನೋಡಿಕೊಂಡಳು. ನೆರಿಗೆ ಲಂಗದ ಮೇಲೆ ಲಂಗ, ಅದರ ಮೇಲೆ ಏಪ್ರನ್ನು ಕಟ್ಟಿದ ಸೊಂಟಕ್ಕೆ ಆ ಚೀಲ ಸುತ್ತಲು ಬಂದಿರಲಿಲ್ಲ. ಅದಕ್ಕೆ ತೋಳಿಗೆ ಕಟ್ಟಿಕೊಂಡಿದ್ದಳು. ಬಲ ತೋಳಿಗೆ.

"ಹಂಡೆ ಸುತ್ತ," ಅಂದಳು.

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಕಿತ್ತಳೆಯವಳಿಗೆ ಬಿಕ್ಕಳಿಕೆ ಹತ್ತಿತು. ಇಂಜಿನಿಯರನಿಗೆ ಇದು ತಮಾಷೆಯೆನಿಸಿತೇ ಹೊರತು ಉತ್ತರವೆನಿಸಲಿಲ್ಲ. ಅವನು ತಾಳ್ಮೆಯಿಂದ ನಕ್ಕು, ತನ್ನ ಟ್ಯಾಬಿನಲ್ಲಿ ಏನೋ ಬರೆದುಕೊಂಡು ಹೋದ. ಹಂಡೆಯ ಕಡೆಗೆ ಕಣ್ಣು ಹಾಯಿಸಲೂ ಇಲ್ಲ.

ಆದರೆ ಹೆಂಗಸರು ನೋಡಿದರು. ಮಾರನೇ ದಿನದಿಂದ ಆ ಸಾಲಿಗೆ ಹುಚ್ಚು ಹಿಡಿಯಿತು. ಕಿತ್ತಳೆಯವಳು ಫೋನನ್ನು ರಸ ಹಿಂಡುವ ಹಿಡಿಗೆ ಕಟ್ಟಿದಳು. ಆಲೂಗಡ್ಡೆಯವಳು ಬೆನ್ನಿನ ಮಗುವಿನ ಕಾಲಿಗೆ ಕಟ್ಟಿದಳು, ಆ ಮಗು ಒದೆಯುವುದರಲ್ಲಿ ಹೆಸರಾದದ್ದು. ಮಾಂಸದ ಸಾರಿನ ದೊನ್ಯಾ ಬೀದಿ ನಾಯಿಯ ಕೊರಳಿಗೆ ತೂಗಿಬಿಟ್ಟಳು. ನಾಯಿ ಎರಡು ದಿನ ಬರಲೇ ಇಲ್ಲ, ಬಂದಾಗ ಅವಳ ಹೆಸರಿನಲ್ಲಿ ವಿಮಾನ ನಿಲ್ದಾಣವನ್ನು ನಾಲ್ಕು ಸುತ್ತು ಹಾಕಿ ಬಂದಿತ್ತು. ಎವ್ಸೇಬಿಯಾ ಕಾಲಿಗೆ ಕಟ್ಟಿಕೊಂಡು, ಕೂತಲ್ಲೇ ಮಂಡಿ ಕುಣಿಸುತ್ತ ಪಾಸ್ತೆಲ್ ಕರಿದಳು. ಕೂತ ಗಿರಾಕಿಗಳ ಬೆಂಚೂ ಜೊತೆಗೇ ನಡುಗುತ್ತಿತ್ತು. ಇದೇನು ಭೂಕಂಪವೇ ಕಸೇರಾ ಎಂದು, ವಾಡಿಕೆಯ ಅಂಗಡಿಯವಳನ್ನು ಕರೆಯುವ ಹಾಗೆ ಕರೆದು ಯಾರೋ ಕೇಳಿದರೆ, ಬೆಟ್ಟದ ಹಿಮ ಉಳಿಸ್ತಾ ಇದೀನಿ, ಸುಮ್ನೆ ತಿನ್ನಪ್ಪಾ ಎಂದಳು.

ಸಂಜೆ ಮನೆಗೆ ಹೋದರೆ ಮಂಡಿ ಊದಿರುತ್ತಿತ್ತು. ಬಿಸಿನೀರಿನ ಬಟ್ಟೆ ಸುತ್ತಿಕೊಳ್ಳುತ್ತ ಅವಳು ಪ್ರಿಮಿತಿವಾಳಿಗೆ ಹೇಳಿದ ಮಾತು ಸಾಲಿನಲ್ಲೆಲ್ಲ ಓಡಾಡಿತು. "ಫೋನಿನ ಶಕ್ತಿ ಉಳೀತು ಕೊಮಾದ್ರೆ. ನನ್ ಮಂಡಿ ಶಕ್ತಿ ಯಾವ ಲೆಕ್ಕದಲ್ಲಿ ಬರ್ಕೊಂಡ್ರಂತೆ?"

ಮೂರನೇ ತಿಂಗಳ ಪಟ್ಟಿಯಲ್ಲಿ ನಲವತ್ತೂ ಹಸಿರು.

ಪೇಪರು ಕೊಟ್ಟ ದಿನ ಬ್ಯಾಂಡು ಬಂತು. ಹೆಂಗಸರೆಲ್ಲ ಹೊಸ ಶಾಲು ಹೊದ್ದು ಬಂದರು. ದೊನ್ ಫೊರ್ತುನಾತೊ ಒಬ್ಬೊಬ್ಬರ ಹೆಸರು ಕೂಗಿದ. ಇಂಜಿನಿಯರ್ ಒಬ್ಬೊಬ್ಬರ ಕೈ ಕುಲುಕಿದ. ಪ್ರಿಮಿತಿವಾಳ ಕೈಗೆ ದಪ್ಪ ಪೇಪರು ಬಂತು. ಫೋಟೋದಲ್ಲೂ ಟೋಪಿ ಎಡಕ್ಕೇ ವಾಲಿತ್ತು. ಸೀಲು ಇತ್ತು, ಸಹಿ ಇತ್ತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ನಂಬರು ನೋಡಿದಳು.

ನೂರ ಹದಿನೆಂಟು.

ತಪ್ಪಾಗಿದೆ, ನನ್ನದು ಏಳು ಅಂದಳು. ಪಕ್ಕದಲ್ಲಿ ಎವ್ಸೇಬಿಯಾ ತನ್ನದು ನೂರ ಹತ್ತೊಂಬತ್ತು ಎಂದು ಓದುತ್ತಿದ್ದಳು. ಆ ಕಡೆಯಿಂದ ಕಿತ್ತಳೆಯವಳು ನೂರ ಐದು ಅಂದಳು. ಬ್ಯಾಂಡಿನ ಸದ್ದಿನಲ್ಲಿ ನಂಬರುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ನೂರ ಒಂದರಿಂದ ನೂರ ನಲವತ್ತು.

ಆ ಜಾಗಗಳು ಎಲ್ಲಿವೆ ಎಂದು ಇಂಜಿನಿಯರನೇ ತಿಳಿಸಿದ. ಸ್ಮಶಾನದ ಗೋಡೆಯಾಚೆಯ ಬಯಲು. ಅತ್ತ ಕಂದಕ, ಇತ್ತ ಗೋಡೆ, ನಡುವೆ ಗಾಳಿ. ಸಿಮೆಂಟು ಹಾಕಿ, ಬಿಳಿ ಬಣ್ಣದಲ್ಲಿ ಚೌಕ ಎಳೆದು, ನಂಬರು ಬರೆಸಿಯಾಗಿದೆಯಂತೆ. ಸತ್ತವರನ್ನು ನೋಡಲು ಜನ ಬರುವುದು ವರ್ಷಕ್ಕೆ ಎರಡು ದಿನ. ಮಿಕ್ಕ ದಿನ ಅಲ್ಲಿ ಪ್ಲಾಸ್ಟಿಕ್ ಚೀಲಗಳದ್ದೇ ಸಂತೆ.

ಇಲ್ಲಿಗೆ, ಈ ಸಾಲಿಗೆ, ಕಂಪನಿಯ ಯಂತ್ರಗಳು ಬರುತ್ತವೆ. ಗುಂಡಿ ಒತ್ತಿದರೆ ಪುಡಿಗೆ ಬಿಸಿನೀರು ಸುರಿದು ಅಪಿ ಕೊಡುವ ಯಂತ್ರ, ಪ್ಯಾಕೆಟ್ಟಿನ ಪಾಸ್ತೆಲ್ ಬಿಸಿ ಮಾಡುವ ಯಂತ್ರ. ಒಟ್ಟು ಹನ್ನೆರಡು. ಮೊದಲನೆಯದು ಏಳನೇ ಜಾಗದಲ್ಲಿ.

"ಮ್ಯಾಪಿನಲ್ಲಿ ನಿಮ್ಮ ಮೂಲೆಯಷ್ಟು ಬೆಳಗೋ ಜಾಗ ಇಡೀ ಊರಲ್ಲೇ ಇಲ್ಲ ದೊನ್ಯಾ ಪ್ರಿಮಿತಿವಾ," ಅಂದ ಇಂಜಿನಿಯರ್, ಹೊಗಳುವ ದನಿಯಲ್ಲೇ. "ಒಂದು ನಿಮಿಷಾನೂ ಅಲ್ಲಿ ಕತ್ತಲೆ ಇಲ್ಲ. ಅದನ್ನ ನಮಗೆ ತೋರಿಸಿಕೊಟ್ಟವರೇ ನೀವು."

ಅವಳ ಬಲಗೈ ತಣ್ಣಗಾಯಿತು. ಮೂರು ತಿಂಗಳು ಹಗಲೆಲ್ಲ ತಿರುವಿ ತಿರುವಿ ಆ ಮೂಲೆಗೆ ಬೆಳಕು ಹಚ್ಚಿದ್ದು ಅದೇ ಕೈ. ಅವ್ವ ಗೆರೆ ಎಳೆದು ಉಳಿಸಿದ್ದನ್ನು ಮಗಳು ಸೌಟು ತಿರುವಿ ಕೊಟ್ಟುಬಿಟ್ಟಿದ್ದಳು.

ಎವ್ಸೇಬಿಯಾ ಏರಿ ಹೋದಳು. ನಮ್ಮ ಜಾಗದ ಪೇಪರು ಅಂತ ಹೇಳಿದ್ದೇನು, ಈಗ ಕೊಟ್ಟಿದ್ದೇನು ಎಂದು ಕೇಳಿದಳು.

"ಪೇಪರ್ ಕೊಡ್ತೀವಿ ಅಂದ್ವಿ, ಕೊಟ್ವಿ," ಅಂದ ಇಂಜಿನಿಯರ್. "ಸೀಲಿದೆ ನೋಡಿ. ಯಾರೂ ನಿಮ್ಮನ್ನ ಅಲ್ಲಿಂದ ಏಳಿಸೋ ಹಾಗಿಲ್ಲ."

ಆ ಕೊನೆಯ ಮಾತು ಪ್ರಿಮಿತಿವಾಳ ಕಿವಿಯಲ್ಲಿ ಉಳಿಯಿತು. ಅವಳು ಮೆಲ್ಲಗೆ ಇನ್ನೊಂದು ಕೇಳಿದಳು. ಜನ ಜಾಗ ಬದಲಾಯಿಸಿದರೆ ಯಂತ್ರ ಏನು ಮಾಡುತ್ತದೆ? ಇಂಜಿನಿಯರನಿಗೆ ಇಂಥ ಪ್ರಶ್ನೆ ಕೇಳುವವರೆಂದರೆ ಇಷ್ಟ. ಪ್ರತಿ ಶುಕ್ರವಾರ ಮ್ಯಾಪು ಹೊಸದಾಗುತ್ತದೆ ಎಂದು ವಿವರಿಸಿದ. ಜೀವ ಎಲ್ಲಿ ಓಡಾಡುತ್ತದೋ ಯಂತ್ರ ಅಲ್ಲಿಗೇ. ಮುಂದಿನ ಶುಕ್ರವಾರದ ಮ್ಯಾಪು ನೋಡಿ, ಅದರ ನಂತರದ ಸೋಮವಾರ ಬೋಲ್ಟು ಬಿಗಿಯುವುದು. ಯಂತ್ರಕ್ಕೆ ನಿಮ್ಮ ಹಾಗೆ ಅವ್ವನ ಗೆರೆ ಗಿರೆ ಇರಲ್ಲವಲ್ಲ, ಅಂದ.

ಅಂದು ಸಂಜೆ ವಾಲಿಬಾಲ್ ಅಂಗಳದಲ್ಲಿ ಸಭೆ ಸೇರಿತು. ಸಾಲಿನ ಕಟ್ಟುಪಾಡು ಗೊತ್ತಿದ್ದದ್ದೇ. ಮೆರವಣಿಗೆ ಎಂದರೆ ಎಲ್ಲರೂ ಬರಬೇಕು. ಬಂದವರಿಗೆ ಚೀಟಿ, ಬಾರದವರಿಗೆ ಒಂದು ವಾರ ಸಾಲು ಗುಡಿಸುವ ಶಿಕ್ಷೆ. ಚೀಟಿಗೆ ಸಹಿ ಹಾಕುವವನು ಅಧ್ಯಕ್ಷ. ದೊನ್ ಫೊರ್ತುನಾತೊ ಸಹಿ ಹಾಕುವುದಿಲ್ಲ ಅಂದ. ಕಂಪನಿ ಒಳ್ಳೆಯದು, ಕಾಲ ಬದಲಾಗಿದೆ, ಗಾಳಿ ಇದ್ದ ಕಡೆ ಆರೋಗ್ಯ ಅಂದ. ಅವನ ಸಂಘದ ಕೋಣೆಗೆ ಹೊಸ ತಗಡಿನ ಸೂರು ಬಂದಿದ್ದು ಎಲ್ಲರಿಗೂ ಕಾಣುತ್ತಿತ್ತು, ಹಸಿರು ಬಣ್ಣದ್ದು.

ಗದ್ದಲವೆದ್ದಿತು. ಕಲ್ಲು ಹಾಕಿ ರಸ್ತೆ ತಡೆಯೋಣ ಅಂದರು ಕೆಲವರು. ಯಂತ್ರಕ್ಕೆ ಬೆಂಕಿ ಅಂದಳು ಮಾಂಸದ ಸಾರಿನವಳು. ಪ್ರಿಮಿತಿವಾ ಎದ್ದು ನಿಂತಳು. ಹಂಡೆ ಇಲ್ಲದೆ ನಿಂತರೆ ಅವಳ ಬಲಗೈಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಅದು ಗಾಳಿಯಲ್ಲೇ ಮೆಲ್ಲಗೆ ತಿರುವುತ್ತಿತ್ತು.

"ಮೆರವಣಿಗೆಗೆ ಸಹಿ ಬೇಡ ದೊನ್ ಫೊರ್ತುನಾತೊ," ಅಂದಳು. "ಬಿಡಿ. ಜುಲೈ ಹಬ್ಬ ಹತ್ರ ಬಂತು. ಕುಣಿತದ ತಾಲೀಮಾದ್ರೂ ಶುರು ಮಾಡೋಣ ಅಲ್ವಾ?"

ಅಧ್ಯಕ್ಷನ ಮುಖ ಅರಳಿತು. ಸಾಲಿನ ಮೊರೆನಾದಾ ಕುಣಿತದ ತಂಡದಲ್ಲಿ ಮುಂದಿನ ಸಾಲಿನ ನಡುವೆ ಕುಣಿಯುವವನು ಅವನೇ. ಮೂರು ಮೆಟ್ಟಿಲಿನ ಕೇಕಿನಂಥ ಆ ವೇಷ ಹೊತ್ತು, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ತೂಗಾಡುತ್ತ, ಕೈಯಲ್ಲಿ ಮತ್ರಾಕಾ ತಿರುಗಿಸುವುದೆಂದರೆ ಅವನಿಗೆ ಅನ್ನ ನೀರು ಬೇಡ. ಮತ್ರಾಕಾ ಎಂದರೆ ಹಿಡಿ ಹಿಡಿದು ತಿರುಗಿಸಿದರೆ ಕಟಕಟ ಎನ್ನುವ ಟೊಳ್ಳು ಪೆಟ್ಟಿಗೆ. ಹಿಂದೆ ಬೆಳ್ಳಿ ಗಣಿಗೆ ಎಳೆದುತಂದ ಗುಲಾಮರ ಕಾಲ ಸರಪಳಿಯ ಸದ್ದು ಅದು ಎಂದು ಹಿರಿಯರು ಹೇಳುತ್ತಾರೆ. ಸಾಲಿನ ಮತ್ರಾಕಾಗಳನ್ನೆಲ್ಲ ಮಾಡುವವನು ಎವ್ಸೇಬಿಯಾಳ ಗಂಡ ದೊನ್ ಕಾಸಿಮಿರೊ, ಅದೇ ಬಿಯರ್ರಿನವನು.

ತಾಲೀಮು ಎಲ್ಲಿ? ರಸ್ತೆಯಲ್ಲಿ ಮಾಡಿದರೆ ಮಿನಿಬಸ್ಸಿನವರು ಬೈಯುತ್ತಾರೆ. ಸ್ಮಶಾನದಾಚೆ ಸಿಮೆಂಟು ಹಾಕಿದ ನುಣ್ಣನೆಯ ಬಯಲೇ ಇದೆಯಲ್ಲ, ಅಂದಳು ಪ್ರಿಮಿತಿವಾ. ಹೇಗೂ ನಾವು ಅಲ್ಲಿಗೇ ಹೋಗುವವರು, ಈಗಿನಿಂದಲೇ ರೂಢಿಯಾಗಲಿ. ಬಂದವರಿಗೆ ಚೀಟಿ, ಬಾರದವರಿಗೆ ಪೊರಕೆ. ಫೊರ್ತುನಾತೊ ಅಲ್ಲೇ ಸಹಿ ಹಾಕಿದ. ಎಷ್ಟು ಒಳ್ಳೆಯ ಹೆಂಗಸು ಎಂದು ಪಕ್ಕದವನಿಗೆ ಹೇಳಿದನಂತೆ.

ಅವನು ಹೋದ ಮೇಲೆ ಎವ್ಸೇಬಿಯಾ ಕೊಮಾದ್ರೆಯ ಮುಖ ನೋಡಿದಳು. ನಿನಗೇನು ತಲೆ ತಿರುಗಿದೆಯಾ ಎಂದು ಕೇಳಿದಳು. ಪ್ರಿಮಿತಿವಾ ತೋಳಿನ ಚೀಲ ಬಿಚ್ಚಿ ಫೋನನ್ನು ಹೊರಗೆ ತೆಗೆದಳು. ದೊನ್ ಕಾಸಿಮಿರೊನ ಕಡೆ ತಿರುಗಿ, ಮತ್ರಾಕಾದ ಹೊಟ್ಟೆಯೊಳಗೆ ಇಷ್ಟು ದೊಡ್ಡದು ಹಿಡಿಸುತ್ತದೆಯೇ ಎಂದು ಕೇಳಿದಳು.

ಕಾಸಿಮಿರೊ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇಂಥವು ಎರಡು ಹಿಡಿಸುತ್ತೆ," ಅಂದ.

ಅರ್ಥವಾದವರು ಮೊದಲು ನಕ್ಕರು. ಮಿಕ್ಕವರು ನಗು ನೋಡಿ ನಕ್ಕು, ಆಮೇಲೆ ಅರ್ಥ ಮಾಡಿಕೊಂಡರು.

ಸೋಮವಾರದಿಂದ ಗುರುವಾರದವರೆಗೆ, ಅಂಗಡಿ ಬೇಗ ಮುಚ್ಚಿ, ದಿನಾ ಸಂಜೆ ಐದರಿಂದ, ಸ್ಮಶಾನದ ಗೋಡೆಯಾಚೆ ಬ್ಯಾಂಡು ಮೊಳಗಿತು. ತುತ್ತೂರಿಗಳ ಸದ್ದಿಗೆ ಗೋಡೆ ಮೇಲಿನ ಪಾರಿವಾಳಗಳು ಎದ್ದು ಹೋದವು. ನಲವತ್ತು ಹೆಂಗಸರು, ಅವರ ಗಂಡಂದಿರು, ನಾದಿನಿಯರು, ಭಾವಂದಿರು, ಒಟ್ಟು ಇನ್ನೂರು ಜನ, ಜೇಬಿನಲ್ಲಿ ಅವರವರ ಫೋನು ಬೇರೆ. ಇನ್ನೂರು ಜನ ತೂಗಾಡಿದರು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ನಲವತ್ತು ಮತ್ರಾಕಾಗಳು ಕಟಕಟ ಅಂದವು. ಅವುಗಳ ಹೊಟ್ಟೆಯಲ್ಲಿ ನಲವತ್ತು ಫೋನುಗಳು ಕಣ್ಣು ಬಿಟ್ಟು, ತಲೆ ತಿರುಗಿ, ಒಂದನ್ನೊಂದು ಎಣಿಸಿದವು. ಎಲ್ಲರಿಗಿಂತ ಮುಂದೆ ದೊನ್ ಫೊರ್ತುನಾತೊ, ಎಲ್ಲರಿಗಿಂತ ಜೋರಾಗಿ ತಿರುಗಿಸುತ್ತ. ಅವನ ಮತ್ರಾಕಾದೊಳಗೆ ಕುಳಿತಿದ್ದದ್ದು ಪ್ರಿಮಿತಿವಾಳ ಫೋನು. ಈ ವರ್ಷ ಮತ್ರಾಕಾ ಸ್ವಲ್ಪ ಭಾರವಾಯಿತಲ್ಲ ಎಂದು ಅವನು ಒಮ್ಮೆ ಗೊಣಗಿದ. ನಾಯಕನ ಮತ್ರಾಕಾ ಹಗುರ ಇರಬಾರದು ದೊನ್ ಫೊರ್ತುನಾತೊ ಅಂದ ಕಾಸಿಮಿರೊ. ಅವನಿಗೆ ಅದು ಸರಿಯೆನಿಸಿತು.

ಎವ್ಸೇಬಿಯಾ ಊದಿದ ಮಂಡಿಯಲ್ಲೇ ಕುಣಿದಳು. ಈಗ ನೋವಿಲ್ಲ ಅಂದಳು. ಈಗ ನನಗೋಸ್ಕರ ಕುಣಿಯುತ್ತಿದ್ದೇನಲ್ಲ.

ಬೆಳಿಗ್ಗೆ ಮಾತ್ರ ಪ್ರಿಮಿತಿವಾ ಎಂದಿನಂತೆ ತನ್ನ ಮೂಲೆಯಲ್ಲಿ ಹಂಡೆ ತಿರುವಿದಳು. ತೋಳು ಬರಿದಾಗಿತ್ತು. ಗಿರಾಕಿಗಳು ಎಂದಿನಂತೆ ಮುತ್ತಿಕೊಂಡರು. ಆದರೆ ಎಣಿಸುವವರಿರಲಿಲ್ಲ. ಒಳಗೆ ಅವಳಿಗೆ ಅಳುಕು ಇದ್ದೇ ಇತ್ತು. ಅವರ ಕಂಪ್ಯೂಟರಿಗೆ ಮೋಸ ಹೊಳೆದುಬಿಟ್ಟರೆ? ಬರುವ ಸೋಮವಾರ ಈ ಗೆರೆಯ ಮೇಲೆ ಬೋಲ್ಟು ಬಿಗಿದರೆ? ಗುರುವಾರ ಒಂದು ಗಳಿಗೆ ಕೈ ನಿಂತು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅಪಿ ತಳ ಹಿಡಿಯಿತು. ಇಡೀ ಹಂಡೆಯನ್ನು ಚರಂಡಿಗೆ ಸುರಿದಳು.

ಶನಿವಾರ ಬೆಳಿಗ್ಗೆ ಏಳೂವರೆಗೆ ಇಂಜಿನಿಯರ್ ಬಂದ. ಜನಜಂಗುಳಿಯ ಹೊತ್ತು. ಲೋಟ ಹಿಡಿದವರನ್ನು ಬಳಸಿ, ಪಾಸ್ತೆಲ್ ಹಿಡಿದವರ ಮೊಣಕೈ ತಪ್ಪಿಸಿ, ಒಬ್ಬ ಹಮಾಲಿಯ ಮೂಟೆಯಡಿ ನುಸುಳಿ, ಜಾಕೆಟ್ಟಿನ ಮೇಲೆ ಅರ್ಧ ಲೋಟ ಅಪಿ ಚೆಲ್ಲಿಸಿಕೊಂಡು ಅವನು ಹಂಡೆಯ ಮುಂದೆ ಬಂದು ನಿಂತ. ಸಾಲು ಬಿಟ್ಟು ನುಗ್ಗಿದ್ದಕ್ಕೆ ಹಿಂದಿನವರು ಬೈದರು.

ಕೆಟ್ಟ ಸುದ್ದಿ ದೊನ್ಯಾ ಅಂದ. ಮ್ಯಾಪು ಬಂದಿದೆ. ನಿಮ್ಮ ಮೂಲೆ ಸತ್ತುಹೋಗಿದೆ. ಒಂದು ವಾರದಿಂದ ಇಲ್ಲಿಗೆ ಒಬ್ಬ ಗಿರಾಕಿಯೂ ಬಂದಿಲ್ಲ.

ಅವನ ಭುಜದ ಮೇಲಿನಿಂದ ಒಂದು ಕೈ ಖಾಲಿ ಲೋಟ ಚಾಚಿ, ಇನ್ನೊಂದು ಕಸೇರಾ, ಚಕ್ಕೆ ಜಾಸ್ತಿ ಅಂತು. ಪ್ರಿಮಿತಿವಾ ಬಗ್ಗಿಸಿ ಕೊಟ್ಟಳು.

"ಒಬ್ರೂ ಇಲ್ವಾ?" ಅಂದಳು.

"ಸೊನ್ನೆ," ಅಂದ ಅವನು. ಹಿಂದಿನಿಂದ ಯಾರೋ ನೂಕಿದ್ದಕ್ಕೆ ಹಂಡೆಯ ಅಂಚು ಹಿಡಿದು ಕೈ ಸುಟ್ಟುಕೊಂಡ. ಬೆರಳಿಗೆ ಗಾಳಿ ಊದಿಕೊಳ್ಳುತ್ತಲೇ ಹೇಳಿದ. ಜನರೆಲ್ಲ ಸ್ಮಶಾನದ ಕಡೆ ಹೊರಟುಬಿಟ್ಟಿದ್ದಾರೆ. ಅದೂ ಎಂಥ ಗಿರಾಕಿಗಳು. ಎರಡು ಹೆಜ್ಜೆ ಮುಂದೆ ಇಡುತ್ತಾರೆ, ಒಂದು ಹೆಜ್ಜೆ ಹಿಂದೆ ಇಡುತ್ತಾರೆ. ಗಂಟೆಗಟ್ಟಲೆ. ಕಂಪ್ಯೂಟರು ಅದರ ಅರ್ಥವನ್ನೂ ಹೇಳಿದೆ. ಕೊಳ್ಳಲೋ ಬೇಡವೋ ಎಂದು ತುದಿಗಾಲಲ್ಲಿ ನಿಂತ ಜನ ಅವರು. ಎದುರಿಗೆ ಒಂದು ಯಂತ್ರ ಇಟ್ಟರೆ ಸಾಕು, ಕೊಂಡೇ ಕೊಳ್ಳುತ್ತಾರೆ.

ಪ್ರಿಮಿತಿವಾ ಏಪ್ರನ್ನಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಭುಜ ಕುಲುಕುತ್ತಿತ್ತು. ಪಕ್ಕದಲ್ಲಿ ಎವ್ಸೇಬಿಯಾ ಬಾಣಲೆಯೊಳಕ್ಕೇ ಮುಖ ಇಡುವಂತೆ ಬಗ್ಗಿ ಕೂತಿದ್ದಳು. ಅಳಬೇಡಿ ದೊನ್ಯಾ, ವ್ಯಾಪಾರ ಅಂದ ಮೇಲೆ ಹೀಗೇ, ಎಂದು ಇಂಜಿನಿಯರ್ ಸಮಾಧಾನ ಹೇಳಿದ.

"ಹಂಗಾದ್ರೆ ನಾನ್ ಇಲ್ಲೇ ಇರ್ಲಾ?" ಎಂದು ಅವಳು ಕೇಳಿದಳು.

"ಇರಿ. ಸತ್ತ ಜಾಗ ಯಾರಿಗೆ ಬೇಕು?"

ಅವನು ಮತ್ತೆ ಜನರ ನಡುವೆ ಈಜಿಕೊಂಡು ಹೊರಟುಹೋದ.

ಸೋಮವಾರ ಬೆಳಿಗ್ಗೆ ಹನ್ನೆರಡು ಯಂತ್ರ ಹೊತ್ತ ಲಾರಿ ಅವಳ ಮೂಲೆಗೇ ಬಂದು ನಿಂತಿತು. ಪ್ರಿಮಿತಿವಾಳ ಸೌಟು ಗಾಳಿಯಲ್ಲಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, ಸ್ಮಶಾನಕ್ಕೆ ಯಾವ ಕಡೆ ಕಸೇರಾ ಎಂದು ಕೇಳಿದ. ಸೀದಾ ಹೋಗಿ ಎಡಕ್ಕೆ ಎಂದು ಅವಳು ಸೌಟಿನಲ್ಲೇ ದಾರಿ ತೋರಿಸಿದಳು. ದಾರಿಗಿರಲಿ ಎಂದು ಒಂದು ಲೋಟ ಅಪಿ ಕೊಟ್ಟಳು. ಅಂದು ಅವಳು ಸಂತೆಯ ಹೊತ್ತಿನಲ್ಲೇ, ಹತ್ತು ಗಂಟೆಗೆ, ಒಲೆ ಆರಿಸಿದಳು. ಸಾಲಿನಲ್ಲಿ ಒಂದೊಂದಾಗಿ ನಲವತ್ತು ಅಂಗಡಿಗಳ ಮೇಲೂ ತಾಡಪಾಲು ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಸ್ಮಶಾನದಾಚೆ ಹನ್ನೆರಡು ಯಂತ್ರಗಳು ಮೈ ಮಿರುಗಿಸುತ್ತ ನಿಂತಿದ್ದವು. ಸಿದ್ಧ ಚೌಕಗಳು ಸಿಕ್ಕಿದ್ದಕ್ಕೆ ಬೋಲ್ಟು ಬಿಗಿಯುವವರಿಗೆ ಖುಷಿಯೋ ಖುಷಿ, ನೂರ ಹನ್ನೆರಡರಿಂದ ನೂರ ಇಪ್ಪತ್ಮೂರರವರೆಗೆ ಒಂದೊಂದು ಚೌಕದ ಮಧ್ಯಕ್ಕೆ ಒಂದೊಂದು ಬಿಗಿದಿದ್ದರು. ಕಂಪನಿಯಲ್ಲಿ ಮ್ಯಾಪು ನೋಡುವವರು ಒಂದು ಮಹಡಿ, ಪೇಪರು ಬರೆಯುವವರು ಇನ್ನೊಂದು ಮಹಡಿ, ಈ ಚೌಕಗಳು ಯಾರ ಹೆಸರಿನಲ್ಲಿವೆ ಎಂದು ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಇಂಜಿನಿಯರ್ ಹಸಿರು ರಿಬ್ಬನ್ನು ಕಟ್ಟಿಸಿ, ಕತ್ತರಿ ಹಿಡಿದು, ತುದಿಗಾಲಲ್ಲಿ ನಿಂತ ಗಿರಾಕಿಗಳನ್ನು ಕಾಯುತ್ತಿದ್ದ. ಬಂದಿದ್ದು ಒಂದು ನಾಯಿ. ಆ ನಾಯಿಯೇ, ವಿಮಾನ ನಿಲ್ದಾಣದ್ದು. ಗೋಡೆಯ ಮೇಲಿನಿಂದ ಸ್ಮಶಾನದ ಕಾವಲುಗಾರ ಬಗ್ಗಿ ನೋಡಿದ. ಗಾಳಿ ರಿಬ್ಬನ್ನನ್ನು ಹರಿಯಿತು.

ಆಗ ಬ್ಯಾಂಡಿನ ಸದ್ದು ಕೇಳಿತು.

ನಲವತ್ತು ಹೆಂಗಸರು ನಾಲ್ಕು ಸಾಲಾಗಿ ಬಂದರು, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಇಂಜಿನಿಯರ್ ಅವರ ಕಾಲುಗಳನ್ನೇ ನೋಡಿದ. ಬಾಯಿ ಸ್ವಲ್ಪ ತೆರೆಯಿತು. ಮುಂದಿನ ಸಾಲಿನಲ್ಲಿ ಇಬ್ಬರು ಒಂದು ಅಗ್ವಾಯೊದ ನಾಲ್ಕು ತುದಿ ಹಿಡಿದು, ತೊಟ್ಟಿಲಿನ ಮಗುವನ್ನು ತರುವ ಹಾಗೆ ಮೆಲ್ಲಗೆ ತಂದು ಅವನ ಕಾಲ ಬಳಿ ಇಳಿಸಿದರು. ಒಳಗೆ ನಲವತ್ತು ಫೋನುಗಳು.

ಪ್ರಿಮಿತಿವಾ ಎದೆಯೊಳಗಿನಿಂದ ಪೇಪರು ತೆಗೆದು ಬಿಡಿಸಿದಳು. ನೂರ ಹದಿನೆಂಟನೇ ಚೌಕದ ಮೇಲೆ ನಿಂತಿದ್ದ ಯಂತ್ರದ ಹೊಟ್ಟೆಗೆ ಅದನ್ನು ಆನಿಸಿ ಹಿಡಿದಳು. ಸೀಲು, ಸಹಿ, ಎಡಕ್ಕೆ ವಾಲಿದ ಟೋಪಿ.

"ಇದು ನನ್ ಜಾಗ ಇಂಜಿನಿಯರ್ರೇ. ಯಾರೂ ಏಳಿಸೋ ಹಾಗಿಲ್ಲ ಅಂದಿದ್ರಿ. ಯಂತ್ರ ಎತ್ತಿ."

ಎವ್ಸೇಬಿಯಾ ನೂರ ಹತ್ತೊಂಬತ್ತಕ್ಕೆ ತನ್ನ ಪೇಪರು ಆನಿಸಿದಳು. ಹನ್ನೆರಡು ಯಂತ್ರಗಳಿಗೂ ಹನ್ನೆರಡು ಪೇಪರು ಬಿತ್ತು. ಮಿಕ್ಕ ಇಪ್ಪತ್ತೆಂಟು ಜನ ತಮ್ಮ ತಮ್ಮ ಚೌಕ ಹುಡುಕಿ ನಿಂತರು. ಯಂತ್ರಗಳ ಸುತ್ತ ಸಂದು ಉಳಿಯಲಿಲ್ಲ. ದೊನ್ ಫೊರ್ತುನಾತೊ ಬ್ಯಾಂಡಿನ ಸದ್ದು ಕೇಳಿ ಮತ್ರಾಕಾ ಹಿಡಿದೇ ಓಡಿ ಬಂದಿದ್ದ. ಬಯಲನ್ನು ನೋಡಿದ, ಫೋನುಗಳನ್ನು ನೋಡಿದ, ತನ್ನ ಮತ್ರಾಕಾವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅದು ಹಗುರವಾಗಿತ್ತು. ಅವನಿಗೆ ಅಂದು ಕೂತುಕೊಳ್ಳಲು ಯಾವ ಕಡೆಯೂ ಜಾಗ ಸಿಗಲಿಲ್ಲ.

ಮೇಲಿನವರನ್ನು ಕೇಳಬೇಕು ಎಂದು ಇಂಜಿನಿಯರ್ ಉಸಿರು ಹಿಡಿಯುತ್ತ ಹೇಳಿದ. ಕೇಳಿ ಬನ್ನಿ, ಅವಸರವಿಲ್ಲ ಅಂದಳು ಪ್ರಿಮಿತಿವಾ. ಬರುವಾಗ ಎರಡು ಮಹಡಿಯವರನ್ನೂ ಕರ್ಕೊಂಡು ಬನ್ನಿ. ಏಳನೇ ನಂಬರಿನ ಪೇಪರೂ ಬರೆಸಿಕೊಂಡು ಬನ್ನಿ. ಅಲ್ಲಿಯವರೆಗೂ ಇಲ್ಲೇ ಇರ್ತೀವಿ.

ಅವಳು ನೆರಿಗೆ ಲಂಗ ಹರವಿ ಕೂತಳು. ನಲವತ್ತು ಲಂಗಗಳು ಹರವಿಕೊಂಡವು. ಆ ಬೂದು ಬಯಲು ಕೆಂಪು, ಹಳದಿ, ನೇರಳೆಯಾಯಿತು. ಯಾರೂ ಅಲುಗಲಿಲ್ಲ. ಕೂತು ರೂಢಿಯಿದ್ದವರು. ಪ್ರಿಮಿತಿವಾಳ ಬಲಗೈ ಕೂಡ, ಎಷ್ಟೋ ವರ್ಷಗಳ ಮೇಲೆ, ಮಡಿಲಲ್ಲಿ ಸುಮ್ಮನೆ ಮಲಗಿತು.

ಇಂಜಿನಿಯರ್ ಟ್ಯಾಬು ತೆರೆದ. ಬಯಲಿಡೀ ಕಪ್ಪು. ಒಂದು ಚುಕ್ಕೆಯೂ ಇಲ್ಲ. ತಲೆ ಎತ್ತಿದ. ನಲವತ್ತು ದುಂಡು ಟೋಪಿಗಳು. ತಲೆ ತಗ್ಗಿಸಿದ. ಸೊನ್ನೆ. ಫೋನುಗಳನ್ನಾದರೂ ಎತ್ತಿಕೊಳ್ಳೋಣವೆಂದು ಬಗ್ಗಿ ಅಗ್ವಾಯೊಗೆ ಕೈ ಹಾಕಿದ.

ಪ್ರಿಮಿತಿವಾ ಬಾಯಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಇಂಜಿನಿಯರ್ರೇ," ಅಂದಳು. "ನಾವೆಲ್ಲ ನಿದ್ದೆ ಮಾಡ್ತಾ ಇದೀವಿ. ಎಬ್ಬಿಸಿದ್ರೆ ಕಷ್ಟ."